ತಾಯಿಯ ತ್ಯಾಗ ಬರೆಯಬೇಕಾ? ‘ಕೊಂಡಳು’ ಅನ್ನು ಹುಡುಕಿ ಹೊಡೆಯಿರಿ

ಬೇರೆಯವರ ಕತೆ ತಿದ್ದಿಕೊಡುವುದು ನನ್ನ ಕೆಲಸ. ‘ತ್ಯಾಗಮಯಿ’, ‘ಕರುಣಾಮಯಿ’ ಕಂಡರೆ ಸುಮ್ನೆ ಹೊಡೆದುಹಾಕುತ್ತೇನೆ. ಓದುಗ ಅದಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತಾನೆ, ಅಷ್ಟೇ. ತ್ಯಾಗ ತಾಕಬೇಕಾದರೆ ವ್ಯಾಕರಣಕ್ಕೆ ಕೈಹಾಕಿ.

ಮೊದಲು ‘ಕೊಳ್ಳು’. ಬಡಿಸಿದಳು ಅಂದರೆ ಬೇರೆಯವರಿಗೆ, ಬಡಿಸಿಕೊಂಡಳು ಅಂದರೆ ತನಗೆ. ಅಮ್ಮನ ಬೆಳಗನ್ನು ಹೀಗೆ ಬರೆದು ನೋಡಿ:

“ಅಮ್ಮ ಎದ್ದು, ಒಲೆ ಹಚ್ಚಿ, ರೊಟ್ಟಿ ತಟ್ಟಿ, ಇಬ್ಬರಿಗೂ ಬಡಿಸಿ, ತಲೆ ಬಾಚಿ, ಬುತ್ತಿ ಕಟ್ಟಿ, ಬಾಗಿಲವರೆಗೆ ಬಂದಳು. ಮಕ್ಕಳು ತಿರುವು ದಾಟಿದ ಮೇಲೆ ಉಳಿದ ಚೂರನ್ನು ತಟ್ಟೆಗೆ ಹಾಕಿಕೊಂಡಳು.”

ಎದ್ದು, ಹಚ್ಚಿ, ತಟ್ಟಿ, ಬಡಿಸಿ. ಒಂದರ ಬಾಲಕ್ಕೆ ಇನ್ನೊಂದು. ವಾಕ್ಯದಲ್ಲೇ ಅವಳಿಗೆ ಕೂರಲು ಜಾಗವಿಲ್ಲ. ‘ತಲೆ ಬಾಚಿ’ ಅಂದಿದ್ದಕ್ಕೆ ಅದು ಮಕ್ಕಳ ತಲೆ. ‘ಬಾಚಿಕೊಂಡು’ ಅಂದಿದ್ದರೆ ಅವಳದ್ದಾಗುತ್ತಿತ್ತು. ಕೊನೆಗೆ ಒಂದೇ ಒಂದು ‘ಕೊಂಡಳು’ ಬಂತು, ಅದೂ ಉಳಿದ ಚೂರಿಗೆ. (ಮಗುವನ್ನು ಅಪ್ಪಿಕೊಂಡಳು, ಎತ್ತಿಕೊಂಡಳು ಅನ್ನುವಲ್ಲಿ ‘ಕೊಂಡಳು’ಗೆ ‘ತನಗೆ’ ಅನ್ನುವ ಅರ್ಥವಿಲ್ಲ, ಅವು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವನ್ನು ಹೊಡೆಯಬೇಡಿ.)

ಆಮೇಲೆ ಚತುರ್ಥಿ ವಿಭಕ್ತಿ, ಅಂದರೆ ‘ಗೆ’ ಪ್ರತ್ಯಯ. ಕನ್ನಡದಲ್ಲಿ ಹಸಿವು, ಜ್ವರ, ನಿದ್ದೆ ಯಾರಿಗೆ ಬಂತೋ ಅವರ ಹೆಸರಿಗೆ ‘ಗೆ’ ಸೇರುತ್ತದೆ. ಮಗನಿಗೆ ಜ್ವರ ಬಂತು, ಮಗಳಿಗೆ ಚಳಿಯಾಯಿತು ಅಂತ ಧಾರಾಳವಾಗಿ ಬರೆಯಿರಿ. ‘ಅಮ್ಮನಿಗೆ ಹಸಿವಾಯಿತು’ ಅಂತ ಮಾತ್ರ ಬರೆಯಬೇಡಿ. ಅವಳ ಪಾಲಿನ ‘ಗೆ’ ಅವಳ ಬಾಯಲ್ಲೇ ಬರಲಿ, ‘ಬೇಡ’ದ ಜೊತೆ: “ನಂಗೆ ಬೇಡ, ನೀನು ತಿನ್ನು.” ನಮ್ಮ ಮನೆಗಳಲ್ಲಿ ಇದನ್ನು ಕೇಳದವರಿಲ್ಲ ಅಲ್ವಾ?

ಗೋವಿನ ಹಾಡನ್ನು ಒಮ್ಮೆ ಈ ಕಣ್ಣಿನಿಂದ ನೋಡಿ. ಹುಲಿಯ ಬಾಯಿಗೆ ಹೊರಟ ಪುಣ್ಯಕೋಟಿ ಉಳಿದ ಹಸುಗಳಿಗೆ ಹೇಳುವುದೇನು? “ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ.” ಬರುವುದು ಕರು, ಹಾಯದೆ ಇರಬೇಕಾದ್ದು ಹಸುಗಳು. ಈ ಸಾಲಿನಲ್ಲಿ ‘ನಾನು’ ಎಲ್ಲೂ ಇಲ್ಲ. ಮುಂದೆ “ಕಂದ ನಿಮ್ಮವನೆಂದು ಕಾಣಿರಿ” ಅನ್ನುತ್ತದೆ. ‘ನನ್ನವನು’ ಇದ್ದದ್ದು ‘ನಿಮ್ಮವನು’ ಆಯಿತು. ಸಾವಿನ ಮಾತೇ ಇಲ್ಲದೆ ತಾಯಿ ಆಗಲೇ ಹೋಗಿಬಿಟ್ಟಿದ್ದಾಳೆ. ಇದಕ್ಕಿಂತ ಚೆನ್ನಾಗಿ ಬರೆಯುವುದು ನನಗಂತೂ ಗೊತ್ತಿಲ್ಲ.

‘ಮಾಡುತ್ತಿದ್ದಳು, ದುಡಿಯುತ್ತಿದ್ದಳು’ ಜಾಸ್ತಿ ಬೇಡ. ಎರಡು ಸಾಲಾದ ಮೇಲೆ ಕಣ್ಣು ಜಾರುತ್ತದೆ. ಒಂದು ದಿನ ಹಿಡಿಯಿರಿ, ‘ಬಳೆ ಬಿಚ್ಚಿಕೊಟ್ಟಳು’ ಅನ್ನಿ, ಸಾಕು.

ಇಡೀ ಕತೆಯಲ್ಲಿ ಅವಳಿಗೆ ಏನೂ ಬೇಡ ಅಂದರೂ ಕಷ್ಟ. ಆಗ ಅವಳು ಯಂತ್ರವಾಗುತ್ತಾಳೆ. ಎಲ್ಲೋ ಒಂದು ಕಡೆ ಮಲ್ಲಿಗೆ ಮುಡಿದುಕೊಳ್ಳಲಿ.

ಇನ್ನು ಅದೇ ಮನೆಯ ಅಪ್ಪ. ಅವನಿಗೆ ‘ಕೊಂಡ’ ಎಷ್ಟು ಬೇಕಾದರೂ ಕೊಡಿ. ಕಾಫಿ ತರಿಸಿಕೊಂಡ, ಪೇಪರ್ ಹರಡಿಕೊಂಡ, ಫ್ಯಾನ್ ತನ್ನ ಕಡೆ ತಿರುಗಿಸಿಕೊಂಡ. ಅವನನ್ನು ಬೈಯುವ ಸಾಲು ಬರೆದಿದ್ದರೆ ಅದನ್ನೂ ಹೊಡೆದುಹಾಕಿ.