ಸೈಕಲ್ ನೇತು ಹಾಕದ 4 ಮಳೆಗಾಲ

"ಜೂನ್ ಒಂದಕ್ಕೆ ಎಣ್ಣೆ ಹಚ್ಚಿ ನೇತು ಹಾಕು. ಆಯುಧಪೂಜೆಗೆ ಇಳಿಸಿ ಕುಂಕುಮ ಹಚ್ಚು. ಮಲೆನಾಡಲ್ಲಿ ಮೌಂಟನ್ ಬೈಕ್ ಅಂದ್ರೆ ಅಷ್ಟೇ ಮಾರಾಯ." ಶಿವಮೊಗ್ಗದ ಗೆಳೆಯರು ನನಗೆ ಹೇಳಿದ್ದು ಹೀಗೆ. ಸರ್ವಿಸ್ ಮಾಡುವ ಹುಡುಗನಂತೂ, "ಸರ್, ಮಳೆಗಾಲದಲ್ಲಿ ಓಡಿಸೋದಾದ್ರೆ ನನ್ನ ಹತ್ರ ತರ್ಲೇಬೇಡಿ" ಎಂದುಬಿಟ್ಟಿದ್ದ.

ಈ ವರ್ಷದ್ದು ನನ್ನ ನಾಲ್ಕನೇ ಮಳೆಗಾಲ. ಸೈಕಲ್ ಓಡಿಸಿದ್ದಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ ದಿನಗಳನ್ನು ಎಣಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 60 ಚಿಲ್ಲರೆ. ರಿಪೇರಿಗೆ ಹೋದದ್ದು 3 ಸಾವಿರದ ಒಳಗೆ. ಅಂಗಡಿ ಮೆಟ್ಟಿಲು ಹತ್ತಿಲ್ಲ. ಸ್ವಲ್ಪ ಜಂಬದಲ್ಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಿಂದ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಹೊಯ್ಯುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಆದರೆ ಯಾರೂ ಅದನ್ನು ಮಾತಿಗೂ ತೆಗೆಯುವುದಿಲ್ಲ. ನಾನು ಓಡಿಸುವುದು ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಕಾಲುದಾರಿ, ತೋಟದ ಗಾಡಿದಾರಿ, ಬ್ಯಾಣದ (ಹುಲ್ಲುಗಾವಲು) ಇಳಿಜಾರು. ಸುತ್ತಿದರೆ 14 ಕಿಲೋಮೀಟರ್ ಆಗಬಹುದು. ರಿಸರ್ವ್ ಅರಣ್ಯದೊಳಗೆ ಕಾಲಿಡುವುದಿಲ್ಲ. ಪರ್ಮಿಷನ್ ಇಲ್ಲದೆ ಹೋಗಿ ಗಾರ್ಡ್ ಎದುರು ಹಲ್ಲು ಕಿರಿಯುವ ವಯಸ್ಸು ದಾಟಿತು.

ಮಳೆಯಲ್ಲೇ ಏಕೆ ಓಡಿಸಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಮಳೆಗಾಲದ ಉಂಬಳ (ಜಿಗಣೆ) ರಕ್ತ ಕುಡಿದು ಹೊಟ್ಟೆ ತುಂಬಿದ ಮೇಲೆ ತಾನೇ ಬಿದ್ದುಹೋಗುತ್ತದೆ. ಉಣುಗು (ಉಣ್ಣೆ ಹುಳ) ಕಚ್ಚಿದರೆ ಕಾಯಿಲೆಯನ್ನೂ ಅಂಟಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಕಡೆ ಹೋಗಿಲ್ಲ. ಅದರ ಕಾಲ ಸರಿಸುಮಾರು ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಎಲ್ಲರೂ 'ಸೈಕಲ್ ಸೀಸನ್' ಎನ್ನುವ ಒಣ ತಿಂಗಳುಗಳಲ್ಲೇ ದರಗಿನ (ಉದುರಿದ ಒಣ ಎಲೆ) ತುಂಬ ಮರಿ ಉಣುಗು. ಮಳೆ ಹಿಡಿದ ಮೇಲೆ ಅದರ ಕಾಟ ತಗ್ಗುತ್ತದೆ. ಹಾಗಾಗಿ ನಾನು ಲೆಕ್ಕವನ್ನು ತಿರುಗಿಸಿ ಹಾಕಿದೆ. ಮಳೆಗಾಲದಲ್ಲಿ ಮರದಡಿ, ಒಣಗಾಲದಲ್ಲಿ ಬಯಲು. ಈ ಮಾತನ್ನು ಗೆಳೆಯರಿಗೆ ಹೇಳಿದಾಗ ನಕ್ಕರು. ಪೇಟೆಯಲ್ಲಿ ಕೂತವರಿಗೆ ಉಣುಗು ಎಂದರೆ ನಾಯಿ ಕಿವಿಯದ್ದು ಮಾತ್ರ.

ಮೊದಲ ಮಳೆಗಾಲ ಮಾತ್ರ ಅವರು ಹೇಳಿದಂತೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡಲ್ಲಿ 60 ಸಾವಿರದ ಆಸುಪಾಸು ಕೊಟ್ಟು ತಂದ ಹಾರ್ಡ್‌ಟೇಲ್, ಅಂದರೆ ಹಿಂದೆ ಶಾಕ್ ಇಲ್ಲದ್ದು. ಹಿಂದೆ 12 ಗೇರು, ಮುಂದೆ ಗಾಳಿಯ ಶಾಕ್ ಇರುವ ಏರ್ ಫೋರ್ಕ್. ಆರಿದ್ರಾ ಮಳೆ ಮುಗಿಯುವುದರೊಳಗೆ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ತಿರುಗುವ ಬೇರಿಂಗ್) ಕರಕರ ಎನ್ನತೊಡಗಿತು. ಪುಷ್ಯದಲ್ಲಿ ಚಕ್ರದ ನಡುವಿನ ಹಬ್ಬಿನ ಬೇರಿಂಗ್ ಹೋಯಿತು. ಗೇರು ಬದಲಿಸುವ ಡಿರೇಲರ್‌ಗೆ ಕಡ್ಡಿ ಸಿಕ್ಕಿ ಅದನ್ನು ಹಿಡಿದಿಡುವ ಹ್ಯಾಂಗರ್ ಮುರಿಯಿತು. ಅದು ಕೊರಿಯರಿನಲ್ಲಿ ಬರಲು 10 ದಿನ, ಬಂದು ಹಾಕಿದ ಮಾರನೇ ದಿನ ಮತ್ತೆ ಮುರಿಯಿತು. ಎರಡು ಜೊತೆ ಬ್ರೇಕ್ ಪ್ಯಾಡ್, ಒಂದು ಚೈನ್, ಒಂದು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು). ಗಣೇಶ ಚೌತಿಯ ಹೊತ್ತಿಗೆ ಲೆಕ್ಕ ಹಾಕಿದರೆ 14 ಸಾವಿರ. ಆ ವರ್ಷ ಕೊಳೆರೋಗ ಬಂದು ಅಡಿಕೆಯೂ ಉದುರಿತ್ತು. ಮನೆಯಲ್ಲಿ ನನ್ನ ಹತ್ತಿರ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ತಪ್ಪು ಎಲ್ಲಿ ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು. ದೊಡ್ಡ ತಪ್ಪು ತೊಳೆಯುವುದರಲ್ಲಿತ್ತು. ಅಡಿಕೆಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ್ದು) ಹೊಡೆಯುವ ಎಚ್‌ಟಿಪಿ ಎಂಬ ಭಾರೀ ಒತ್ತಡದ ಸ್ಪ್ರೇಯರ್ ಮನೆಯಲ್ಲೇ ಇದೆಯಲ್ಲ, ಗನ್ ಹಿಡಿದು ಐದೇ ನಿಮಿಷದಲ್ಲಿ ಸೈಕಲನ್ನು ಫಳಫಳ ಮಾಡುತ್ತಿದ್ದೆ. ಆ ಪ್ರೆಶರಿಗೆ ನೀರು ಸೀಲ್ ದಾಟಿ ಬೇರಿಂಗಿನೊಳಗೇ ಹೋಗುತ್ತಿತ್ತು. ಮೇಲಿಂದ ಡ್ರಮ್ಮಿನ ತಳದಲ್ಲಿ ಉಳಿದ ಮೈಲುತುತ್ತದ ಗಸಿ ಬೇರೆ! ಕೆಸರು ಬೇರಿಂಗನ್ನು ಕೊಂದಿರಲಿಲ್ಲ. ಕೊಂದವನು ನಾನೇ. ಈಗ ಬಕೆಟ್, ಚೊಂಬು, ತೆಂಗಿನ ಸಿಪ್ಪೆ. ನೀರು ಮೇಲಿಂದ ಸುರಿದು ಇಳಿಯಬೇಕು, ಪಕ್ಕದಿಂದ ನುಗ್ಗಬಾರದು. ಮಣ್ಣು ಒಣಗುವ ಮೊದಲೇ ತೊಳೆದರೆ ಸಿಪ್ಪೆಯೇ ಸಾಕು.

ಇನ್ನೊಂದು ತಪ್ಪು ಕಣ್ಣಿಗೆ ಕಾಣದ್ದು. ಸೀಟ್‌ಪೋಸ್ಟ್ ಸಂದಿಯಿಂದ ನೀರು ಫ್ರೇಮಿನೊಳಗೆ ಇಳಿದು ಬಾಟಮ್ ಬ್ರಾಕೆಟ್ ಮೇಲೆ ನಿಲ್ಲುತ್ತದೆ. ಒಂದು ದಿನ ಸೀಟು ಕಿತ್ತು ಸೈಕಲನ್ನು ತಲೆಕೆಳಗು ಮಾಡಿದೆ. ಅರ್ಧ ಲೋಟ ಕೆಂಪು ನೀರು ಬಂತು. ಈಗ ಹಳೆ ಟ್ಯೂಬಿನ 3 ಇಂಚು ತುಂಡನ್ನು ಕ್ಲ್ಯಾಂಪಿನ ಮೇಲೆ ಏರಿಸಿದ್ದೇನೆ. ಆದರೂ ವಾರಕ್ಕೊಮ್ಮೆ ತಲೆಕೆಳಗು ಮಾಡಿ ನೋಡುತ್ತೇನೆ. ಗ್ರೀಸ್ ಮಲ್ಪೆಯದ್ದು. ಬೋಟಿನವರು ಬಳಸುವ ಮರೀನ್ ಗ್ರೀಸಿನ ಒಂದು ಡಬ್ಬಿ ಅಲ್ಲಿನ ಅಂಗಡಿಯಿಂದ ತಂದದ್ದು ಮೂರನೇ ವರ್ಷಕ್ಕೂ ಬಂದಿದೆ. ಸೈಕಲ್ ಅಂಗಡಿಯ ಪುಟ್ಟ ಟ್ಯೂಬಿನ ಬೆಲೆಗೆ ಅಷ್ಟೂ ಸಿಕ್ಕಿತು.

ಆಮೇಲೆ ಗೇರು. ಮೃಗಶಿರದಿಂದ ಹಸ್ತದವರೆಗೆ ನನ್ನ ಸೈಕಲ್‌ಗೆ ಒಂದೇ ಗೇರು. ಮುಂದೆ 32, ಹಿಂದೆ 20 ಹಲ್ಲು. ಡಿರೇಲರ್, ಶಿಫ್ಟರ್, ಕೇಬಲ್ ಎಲ್ಲ ಬಿಚ್ಚಿ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ. ಕಿಟ್ ದುಡ್ಡು ಕೊಟ್ಟು ತರಿಸಲಿಲ್ಲ. ಸವೆದ ಕ್ಯಾಸೆಟ್ಟಿನಿಂದ ಒಂದು ಚಕ್ರ ಕಿತ್ತೆ, ಸ್ಪೇಸರ್‌ಗೆ ಸ್ಪ್ರಿಂಕ್ಲರಿನ ಪಿವಿಸಿ ಪೈಪ್ ಕೊಯ್ದೆ. ಯಾವ ಅಳತೆಯ ಪೈಪ್ ಅಂತ ಹೇಳುವುದಿಲ್ಲ. ನಾನು ನಾಲ್ಕು ಅಳತೆ ಕೊಯ್ದು ಹಾಳು ಮಾಡಿದ್ದೇನೆ, ನೀವೂ ಒಂದೆರಡು ಕೊಯ್ಯಿರಿ. ದೊಡ್ಡ ಲಾಭ ಚೈನಿನದು. 12 ಗೇರಿನ ಚೈನ್‌ಗೆ ಎರಡೂವರೆ ಸಾವಿರ ಹೋಗುತ್ತಿತ್ತು. ಈಗಿನ ದಪ್ಪ ಚೈನ್ 600-700 ರೂಪಾಯಿಯದು, ಅದೇ ಇಡೀ ಮಳೆಗಾಲ ಬಾಳುತ್ತದೆ. ಚಡಾವಿನಲ್ಲಿ ತೊಡೆ ಉರಿಯುತ್ತದೆ, ಹೌದು. ಎರಡು ಕಡೆ ಇಳಿದು ತಳ್ಳುತ್ತೇನೆ. ನಾಚಿಕೆ ಏನಿಲ್ಲ.

ಚೈನ್ ಎಣ್ಣೆಗೆ ಬಹಳ ಆಟ ಆಡಿದೆ. ಮೇಣ ಕರಗಿಸಿ ಚೈನನ್ನು ಅದರಲ್ಲಿ ಅದ್ದಿದೆ. ಬೇಸಿಗೆಗೆ ಅದರಂಥದ್ದಿಲ್ಲ, ಧೂಳು ಹತ್ತಿರ ಸುಳಿಯುವುದಿಲ್ಲ. ಮಳೆಯಲ್ಲಿ ಮಾತ್ರ ಒಂದೇ ದಿನಕ್ಕೆ ಸಾರಾಸಗಟು ತೊಳೆದುಹೋಯಿತು. ಕೊನೆಗೆ ನಿಂತದ್ದು ಮರ ಕೊಯ್ಯುವ ಮೆಷಿನ್ನಿನ ಚೈನ್ ಆಯಿಲ್. ಅಂಟು ಜಾಸ್ತಿ, ಅರ್ಧ ಗಂಟೆ ಮಳೆಗೆ ಜಗ್ಗುವುದಿಲ್ಲ. ಆದರೆ ಪ್ರತಿಸಲ ಒರೆಸಲೇಬೇಕು, ಇಲ್ಲದಿದ್ದರೆ ಅದೇ ಅರದ ಪುಡಿಯ ಹಾಗೆ ತಿನ್ನುತ್ತದೆ.

ಬ್ರೇಕ್ ಬಗ್ಗೆ ಗೊತ್ತಿದ್ದವರಿಗೆ ಹೊಸದೇನಿಲ್ಲ. ರೆಸಿನ್ (ರಾಳದ) ಪ್ಯಾಡ್ ನಮ್ಮ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಕೆಸರಿನಲ್ಲಿ ಸೋಪು ಕರಗಿದ ಹಾಗೆ ಕರಗುತ್ತದೆ. ಒಂದು ಜೊತೆ ಮೂರೇ ದಿನ ಬಂತು. ಮೂರನೇ ದಿನ ಬ್ಯಾಣದ ಇಳಿಜಾರಿನಲ್ಲಿ ಲೋಹಕ್ಕೆ ಲೋಹ ತಾಗಿದ ಸದ್ದು ಕೇಳಿತು. ನಾನು ನಿಂತದ್ದು ಪಕ್ಕದ ಮನೆಯವರ ಗೊಬ್ಬರ ಗುಂಡಿಯಲ್ಲಿ. ಈಗ ಲೋಹದ ಪುಡಿಯ ಸಿಂಟರ್ಡ್ ಪ್ಯಾಡೇ. ಊರೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಕಾಟಿ (ಕಾಡುಕೋಣ) ಇರುವ ಕಡೆ ಆ ಕಿರುಚಾಟ ಒಳ್ಳೆಯದೇ. ಪ್ಯಾಡ್ ಹಿಡಿಯುವ ತಟ್ಟೆಯ (ರೋಟರ್) ಮೇಲೆ 'ರೆಸಿನ್ ಪ್ಯಾಡ್ ಮಾತ್ರ' ಅಂತ ಬರೆದಿದ್ದರೆ ಅದನ್ನೂ ಬದಲಿಸಬೇಕು, ನೋಡಿಕೊಳ್ಳಿ.

ಟೈರು ಎರಡು ಜೊತೆ. ಮಳೆಗೆ ಸಪೂರದ್ದು, ಎತ್ತರದ ಬಟನ್, ನಡುವೆ ಜಾಗ ಜಾಸ್ತಿ ಇರುವಂಥದ್ದು. ಅಗಲ ಟೈರು ಕೆಸರಿನ ಮೇಲೆ ತೇಲುತ್ತದೆ, ಸಪೂರದ್ದು ಕೆಸರು ಸೀಳಿ ಗಟ್ಟಿ ನೆಲ ಹುಡುಕುತ್ತದೆ. ಒಣಗಾಲಕ್ಕೆ ಅಗಲದ್ದು. ಗಾಳಿ ಮುಂದೆ 20, ಹಿಂದೆ 23 ಪಿಎಸ್‌ಐ. ನನ್ನ ತೂಕ 72 ಕೆಜಿ, ನೀವು ನಿಮ್ಮದನ್ನು ನೋಡಿಕೊಳ್ಳಿ. ಟ್ಯೂಬ್ ಬಿಟ್ಟು ಟ್ಯೂಬ್‌ಲೆಸ್ ಮಾಡಿದ್ದು ಬಿದಿರು ಮುಳ್ಳಿನ ಕಾಟಕ್ಕೆ. ಇಲ್ಲೊಂದು ಅಡ್ಡಕತೆ ಇದೆ. ಟೈರಿನ ತೂತು ಮುಚ್ಚುವ ಸೀಲೆಂಟ್ ದ್ರವದ ಬಾಟಲಿಯ ಬೆಲೆ ನೋಡಿ ಹೊಟ್ಟೆ ಉರಿದು, ಭಾವನ ರಬ್ಬರ್ ತೋಟದಿಂದ ಒಂದು ಕ್ಯಾನ್ ಹಾಲು ತಂದೆ. ಹೆಪ್ಪುಗಟ್ಟದ ಹಾಗೆ ಅಮೋನಿಯ ಹಾಕಿ, ಕಾರಿನ ಕೂಲಂಟ್ ಬೆರೆಸಿ ಟೈರಿಗೆ ತುಂಬಿದೆ. ಮೊದಲ ವಾರ ಮುಳ್ಳು ಕಿತ್ತರೂ ಗಾಳಿ ಹೋಗಲಿಲ್ಲ. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಮೂರನೇ ವಾರ ಟೈರಿನೊಳಗೆ ಲೊಟಕ್ ಲೊಟಕ್ ಸದ್ದು. ಬಿಚ್ಚಿದರೆ ಒಳಗೆ ನಿಂಬೆಹಣ್ಣಿನ ಗಾತ್ರದ ರಬ್ಬರ್ ಉಂಡೆ! ರಿಮ್ಮಿನ ಒಳಮೈ ಬಿಳಿ ಪುಡಿ ಹಿಡಿದು ಚುಕ್ಕೆ ಚುಕ್ಕೆ ತೂತಾಗಿತ್ತು, ಅಮೋನಿಯದ ಕೆಲಸ. 200 ರೂಪಾಯಿ ಉಳಿಸಲು ಹೋಗಿ 4 ಸಾವಿರದ ರಿಮ್ ಕಳೆದುಕೊಂಡೆ. ಭಾವ ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ "ಹಾಲು ಬೇಕಾ?" ಅಂತ ಕೇಳುತ್ತಾನೆ.

ಉಂಬಳಕ್ಕೆ ಸುಣ್ಣ, ಉಪ್ಪು, ಸೋಪು, ಬೇವಿನೆಣ್ಣೆ ಎಲ್ಲ ನೋಡಿದೆ. ಹೊಗೆಸೊಪ್ಪು ನೆನೆಸಿದ ನೀರಿಗೆ ಸಾಕ್ಸ್ ಅದ್ದಿ ಹಾಕಿಕೊಂಡ ದಿನ ಒಂದೇ ಒಂದು ಉಂಬಳ ಹತ್ತಲಿಲ್ಲ. ಆದರೆ ಮನೆಗೆ ಬರುವಷ್ಟರಲ್ಲಿ ತಲೆ ಸುತ್ತಿ ವಾಂತಿ. ನಿಕೋಟಿನ್ ಒದ್ದೆ ಚರ್ಮದಿಂದಲೇ ಒಳಗೆ ಹೋಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಜನ್ಮದಲ್ಲಿ ಬೀಡಿ ಸೇದದವನ ಕತೆ ಇದು. ಈಗ ಬೇರೆ ಒಂದು ಎಣ್ಣೆ ಮಾಡಿಕೊಂಡಿದ್ದೇನೆ, ಅದರಲ್ಲಿ ಹೊಗೆಸೊಪ್ಪಿಲ್ಲ. ಅದರ ಪಾಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒದ್ದೆ ಶೂವನ್ನು ಬಚ್ಚಲು ಒಲೆಯ ಮೇಲೆ ಒಣಗಿಸಬೇಡಿ. ಅಂಟು ಬಿಟ್ಟು ಅಡಿಯೇ ಕಳಚಿ ಬಂತು. ಒಳಗೆ ಪೇಪರ್ ತುರುಕಿ, ಒಲೆಯಿಂದ ಮೂರು ಮಾರು ದೂರ ಇಟ್ಟರೆ ಬೆಳಗ್ಗೆಗೆ ಹಾಕಿಕೊಳ್ಳುವಷ್ಟು ಆಗಿರುತ್ತದೆ. ಪೂರ್ತಿ ಒಣಗುವ ಮಾತು ದೀಪಾವಳಿಗೆ.

ನನ್ನ ದಾರಿಯಲ್ಲಿ ಮೂರು ಕಡೆ ಅಡಿಕೆ ಮರದ ಸಂಕ (ಕಾಲುಸೇತುವೆ) ಇದೆ. ಜುಲೈ ಬಂತೆಂದರೆ ಹಾವಸೆ ಕಟ್ಟಿ ಬೆಣ್ಣೆ. ಎರಡು ಸಲ ಹಳ್ಳಕ್ಕೆ ಬಿದ್ದೆ. ಒಮ್ಮೆ ಮಣಿಕಟ್ಟು ಊದಿ ಮೂರು ವಾರ ಹಾಲು ಕರೆಯಲು ಆಗಲಿಲ್ಲ. ತೆಂಗಿನ ಹಗ್ಗ ಸುತ್ತಿ ನೋಡಿದೆ, ತಿಂಗಳಲ್ಲಿ ಕೊಳೆತು ಇನ್ನೂ ಜಾರತೊಡಗಿತು. ಆಮೇಲೆ ಕೋಳಿಗೂಡಿನ ತಂತಿ ಬಲೆ ತಂದು ಎಳೆದು ಮೊಳೆ ಹೊಡೆದೆ. ಮೂರು ಸಂಕಕ್ಕೂ ಸೇರಿ 500 ರೂಪಾಯಿ ಆಗಿರಬೇಕು. "ನಿನ್ನ ಸೈಕಲ್ಲಿಗೆ ಸಂಕಕ್ಕೂ ಸೀರೆ ಉಡಿಸ್ತೀಯಾ?" ಎಂದು ನಕ್ಕ ಮೇಲಿನಮನೆ ಅಜ್ಜ ಈಗ ಹಸಿಹುಲ್ಲಿನ ಹೊರೆ ಹೊತ್ತು ಅದರ ಮೇಲೇ ದಾಟುತ್ತಾರೆ. ಈ ವರ್ಷ ಬಲೆ ತುಕ್ಕು ಹಿಡಿದಾಗ ಹೊಸದು ತಂದು ಹೊಡೆದವರೂ ಅವರೇ.

ಅದೇ ಅಜ್ಜನ ಹತ್ತಿರ ಬೈಸಿಕೊಂಡದ್ದೂ ಇದೆ. ಎರಡನೇ ವರ್ಷ, ನಟ್ಟಿ ಮುಗಿದ ಗದ್ದೆಯ ಅಂಚಿನ ಮೇಲೆ ಓಡಿಸಿದೆ. ಟೈರಿನ ಗೆರೆಯಲ್ಲೇ ನೀರು ಹರಿದು ಅಂಚು ಒಡೆಯಿತು. "ಸರ್ಕಸ್ ಮಾಡೋದಾದ್ರೆ ನಿಮ್ಮ ಗದ್ದೆಲಿ ಮಾಡು ತಮ್ಮಾ" ಎಂದರು. ಹಾರೆ ತಗೊಂಡು ಹೋಗಿ ನಾನೇ ಕಟ್ಟಿಕೊಟ್ಟೆ. ಅಲ್ಲಿಂದೀಚೆಗೆ ಅಂಚು ಬಂದರೆ ಇಳಿದು ಸೈಕಲ್ ಹೆಗಲಿಗೆ. ನೆಲ ಮೆತ್ತಗಿದ್ದು ಹಿಂದೆ ಗೆರೆ ಉಳಿಯುತ್ತಿದ್ದರೆ ಆ ದಾರಿ ಅವತ್ತಿಗೆ ಬೇಡ. ನಮ್ಮ ಬೆಟ್ಟದ ಜಂಬಿಟ್ಟಿಗೆ ದಾರಿಗಳು ಎಷ್ಟು ಮಳೆಗೂ ಗಟ್ಟಿ ಇರುತ್ತವೆ, ಹಾಗಾಗಿ ನಡೆಯಿತು. ಕಪ್ಪು ಮಣ್ಣಿನ ಸೀಮೆಯವರು ನನ್ನನ್ನು ನಂಬಿ ಹೊರಟರೆ ಚಕ್ರವೇ ತಿರುಗುವುದಿಲ್ಲ.

ಚಿತ್ತಾ, ಸ್ವಾತಿ ಮಳೆ ಕಳೆದ ಮೇಲಿನ ಒಂದೂವರೆ ತಿಂಗಳು ಮಣ್ಣು ಹದಕ್ಕೆ ಬಂದಿರುತ್ತದೆ. ಆಗ ಯಾರು ಬೇಕಾದರೂ ಓಡಿಸಬಹುದು, ಹೇಳುವುದಕ್ಕೇನಿಲ್ಲ. ಗೇರು ವಾಪಸ್ ಹಾಕುತ್ತೇನೆ. ಡಿಸೆಂಬರ್ ಬೆಳಗ್ಗೆ ಇಬ್ಬನಿಗೆ ಒದ್ದೆಯಾದ ದರಗು ಮಾತ್ರ ಕೆಸರಿಗಿಂತ ಜಾರು. ಬೇರು ಅಡಿಯಲ್ಲಿ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಸಂಕ್ರಾಂತಿಯ ಆಮೇಲೆ ಕಾನಿನ (ದಟ್ಟ ಕಾಡು) ಕಡೆ ತಲೆ ಹಾಕುವುದಿಲ್ಲ. ಮಂಗ ಸತ್ತಿದೆ ಅಂತ ಆಶಾ ಕಾರ್ಯಕರ್ತೆ ಹೇಳಿದರೆ ಅದಕ್ಕೂ ಮೊದಲೇ ನಿಲ್ಲಿಸುತ್ತೇನೆ. ಉಣುಗು ಹತ್ತದಂತೆ ಅವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಕೊಯ್ಲಾದ ಗದ್ದೆ ಮತ್ತು ಬೋಳು ಬ್ಯಾಣದಲ್ಲೇ ಸುತ್ತು. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನಾನು ಬಚ್ಚಲಿಗೆ. ಏಪ್ರಿಲ್‌ನಲ್ಲಿ ಜಂಬಿಟ್ಟಿಗೆ ಹರಳು ಎದ್ದು ಗೋಲಿ ಹರಡಿದ ಹಾಗಿರುತ್ತದೆ. ಮುಂದಿನ ಬ್ರೇಕ್ ಮುಟ್ಟಿದಿರೋ ಮೊಣಕೈ ಹೋಯಿತು. ಹೆಜ್ಜೇನು ಕಟ್ಟಿದ ಮರದ ಕೆಳಗೆ ಮಾತ್ರ ಆ ಕಿರುಚುವ ಪ್ಯಾಡ್ ಒತ್ತಲೇಬಾರದು.

ಇಷ್ಟೆಲ್ಲ ಆದರೂ ಫೋರ್ಕ್ ಮಾತ್ರ ನನಗೆ ಬಗ್ಗಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಅದರ ಕೆಳಗಿನ ಕೊಳವೆ (ಲೋವರ್) ಬಿಚ್ಚಿದರೆ ಎಣ್ಣೆಯ ಬದಲು ಚಹಾದ ಬಣ್ಣದ ನೀರು. ಸೀಲ್ ಬದಲಿಸಿದೆ, ಫೋಮ್ ಬದಲಿಸಿದೆ, ಹಳೇ ಟ್ಯೂಬಿನಿಂದ ಮುಂದೆ ಮಡ್‌ಗಾರ್ಡ್ ಕಟ್ಟಿದೆ. ಈ ವರ್ಷ ಖರ್ಚಾದ 3 ಸಾವಿರದಲ್ಲಿ ಅರ್ಧ ಅದಕ್ಕೇ ಹೋಗಿದೆ. ಶಿವಮೊಗ್ಗದ ಗೆಳೆಯ ಮೊನ್ನೆ ಫೋನ್ ಮಾಡಿ, ತಾನೂ ಬರುವ ಜೂನ್‌ಗೆ ಒಂದೇ ಗೇರು ಹಾಕುತ್ತೇನೆ, ಹಿಂದೆ 20 ಹಲ್ಲು ಸಾಕಾ ಅಂತ ಕೇಳಿದ. "ನೀನು 22 ಹಾಕು" ಎಂದೆ. ಫೋರ್ಕಿನ ಸುದ್ದಿ ಹೇಳಲಿಲ್ಲ. ಮುಂದಿನ ಮೃಗಶಿರದೊಳಗೆ ಸ್ಟೀಲಿನ ರಿಜಿಡ್ (ಶಾಕ್ ಇಲ್ಲದ) ಫೋರ್ಕ್ ಹಾಕಿ ನೋಡುವ ಯೋಚನೆ ಇದೆ. 29 ಇಂಚಿನ ಚಕ್ರಕ್ಕೆ ಕೂರುವಂಥದ್ದು ಯಾರ ಅಟ್ಟದಲ್ಲಾದರೂ ಇದ್ದರೆ ಹೇಳಿ. 2 ಸಾವಿರದ ಮೇಲೆ ಕೊಡುವುದಿಲ್ಲ.