ಕೆಂಪುಕೋಟೆಯನ್ನು ಬ್ಯಾರಕ್‌ಗಳಿಂದ ನೋಡಲು ಶುರುಮಾಡಿದೆವು

ದಿಲ್ಲಿಗೆ ಮಕ್ಕಳನ್ನು ಕರೆದೊಯ್ದ ಶಿಕ್ಷಕರಿಗೆಲ್ಲ ಗೊತ್ತು, ಕೆಂಪುಕೋಟೆ ಎಂದರೆ ಒಂದೂವರೆ ಗಂಟೆಯ ಕೆಲಸ. ಲಾಹೋರಿ ದರವಾಜೆಯ ಮುಂದೆ ಗುಂಪು ಫೋಟೋ, ಛತ್ತಾ ಚೌಕದಲ್ಲಿ ಬಳೆ ಸರಗಳ ಚೌಕಾಸಿ, ದಿವಾನ್-ಇ-ಆಮ್, ದಿವಾನ್-ಇ-ಖಾಸ್, ಮುಗಿಯಿತು. ಎಡಗಡೆ ಕಮಾನಿನ ಜಗುಲಿಗಳನ್ನು ಹೊತ್ತು ನಿಂತ ಬ್ಯಾರಕ್‌ಗಳ ಕಡೆ ಹೊರಳಿ ನೋಡುವವರು ಕಡಿಮೆ. ಬ್ರಿಟಿಷರ ಸೈನಿಕರಿದ್ದ ಆ ಕಟ್ಟಡಗಳಲ್ಲಿ ಈಗ ಸಂಗ್ರಹಾಲಯಗಳಿವೆ. ನಾನು ಈಗ ಅಲ್ಲಿಂದಲೇ ಶುರುಮಾಡುತ್ತೇನೆ, ಅರಮನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಇದು ಆಗುವ ಮಾತಲ್ಲ ಎಂದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮುಧೋಳ ಸೀಮೆಯ ಸರ್ಕಾರಿ ಪ್ರೌಢಶಾಲೆ. ಪ್ರವಾಸದ ಪಟ್ಟಿ ಓದಿದಾಗ ಹಿರಿಯರೊಬ್ಬರು, "ಗುರುಗಳೇ, ಸಿಪಾಯಿಗಳು ಮಲಗುತ್ತಿದ್ದ ಮನೆ ತೋರಿಸಲು ದಿಲ್ಲಿಯವರೆಗೆ ಹೋಗಬೇಕೇ? ಆ ಹೊತ್ತಿನಲ್ಲಿ ತಾಜ್ ಮಹಲ್ ತೋರಿಸಿ" ಎಂದರು. ಸಹೋದ್ಯೋಗಿಗಳೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಗಾಜಿನ ಪೆಟ್ಟಿಗೆಗಳ ಮುಂದೆ ಒಂಬತ್ತನೇ ತರಗತಿಯ ಮಕ್ಕಳು ಹತ್ತು ನಿಮಿಷವೂ ನಿಲ್ಲುವುದಿಲ್ಲ ಎಂಬುದು ಅವರ ವಾದ.

ಮೊದಮೊದಲು ಹಾಗೇ ಆಯಿತು ಕೂಡ. ದರವಾಜೆಯ ಬಳಿ ಒಬ್ಬ ಗೈಡ್‌ನನ್ನು ಹಿಡಿದೆವು. ಎರಡು ಸಾವಿರದ ಹತ್ತಿರ ತೆಗೆದುಕೊಂಡ ನೆನಪು. ಆತನ ಹಿಂದಿ ಓಡುತ್ತಿತ್ತು, ನಮ್ಮ ಮಕ್ಕಳ ಕಿವಿ ಹಿಂದೆ ಉಳಿಯುತ್ತಿತ್ತು. ಮುಂದಿನ ಸಲ ಪ್ರಶ್ನೆಪತ್ರಿಕೆಯಂತೆ ನಾಲ್ಕು ಪುಟ ಅಚ್ಚುಹಾಕಿಸಿ ಹಂಚಿದೆ, ಎಂಟುನೂರು ರೂಪಾಯಿ ಖರ್ಚು. ಮಕ್ಕಳು ವಸ್ತುಗಳ ಕಡೆ ಕಣ್ಣೆತ್ತದೆ ಫಲಕಗಳನ್ನು ನಕಲು ಮಾಡುತ್ತಾ ಕುಳಿತರು. ಮೊಬೈಲಿನಲ್ಲಿ ನನ್ನ ದನಿ ಮುದ್ರಿಸಿಕೊಂಡು ಹೋದದ್ದೂ ಇದೆ. ಜನರ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಕೊನೆಗೆ ಕೈಹಿಡಿದದ್ದು ಬಹಳ ಸಾದಾ ಕ್ರಮ. ಒಳಗೆ ಪಾಠ ಮಾಡುವುದನ್ನೇ ಬಿಟ್ಟೆ. ಏಳೆಂಟು ಮಕ್ಕಳ ತಂಡ, ತಂಡಕ್ಕೊಂದು ಚೀಟಿ, ಚೀಟಿಯಲ್ಲಿ ಒಂದೇ ಒಂದು ವಸ್ತು. ಅದನ್ನು ಹುಡುಕಬೇಕು, ಅದರ ಮುಂದೆ ಕುಳಿತು ಚಿತ್ರ ಬರೆಯಬೇಕು. ಉಳಿದದ್ದನ್ನು ನೋಡಿದರೂ ಸರಿ, ಬಿಟ್ಟರೂ ಸರಿ. ಮಾತೆಲ್ಲ ಹೊರಗೆ ಬಂದ ಮೇಲೆ. ನೇತಾಜಿ ಸುಭಾಷ್‌ಚಂದ್ರ ಬೋಸ್ ಮತ್ತು ಅವರ ಸೇನೆ ಆಜಾದ್ ಹಿಂದ್ ಫೌಜಿನ ಸಂಗ್ರಹಾಲಯದಲ್ಲಿ ಒಂದು ತಂಡಕ್ಕೆ ಸುಭಾಷರ ಮರದ ಕುರ್ಚಿ, ಇನ್ನೊಂದಕ್ಕೆ ಖಡ್ಗ, ಮತ್ತೊಂದಕ್ಕೆ ಪದಕ. ಪದಕದ ಚೀಟಿ ಸಿಕ್ಕ ಹುಡುಗ ತರಗತಿಯಲ್ಲಿ ಹಿಂದಿನ ಬೆಂಚಿನವನು. ನೆಲದ ಮೇಲೆ ಮಂಡಿಯೂರಿ, ಪದಕದ ಅಂಚನ್ನು ಬರೆದು ಅಳಿಸಿ ಮತ್ತೆ ಬರೆಯುತ್ತಿದ್ದ. ರಬ್ಬರಿನ ಚೂರುಗಳು ಅವನ ಸ್ವೆಟರಿನ ತೋಳಿಗೆ ಅಂಟಿದ್ದವು. ಎದ್ದು ಬಂದವನೇ, "ಸರ್, ಇವರು ಗೆಲ್ಲಲಿಲ್ಲ ಎಂದು ಪುಸ್ತಕದಲ್ಲಿದೆ. ಮತ್ತೆ ಪದಕ ಯಾಕೆ ಕೊಟ್ಟರು?" ಎಂದು ಕೇಳಿದ.

ಆ ಪ್ರಶ್ನೆಯನ್ನು ಹಿಡಿದೇ ವಿಚಾರಣೆಯ ಕತೆಗೆ ಹೋದೆ. ಆ ಫೌಜಿನ ಅಧಿಕಾರಿಗಳಾದ ಶಾಹನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಮೂವರನ್ನೂ 1945ರ ನವೆಂಬರಿನಲ್ಲಿ ಇದೇ ಕೋಟೆಯೊಳಗೆ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಅವರ ಪರ ವಾದ ಮಾಡಿದವರು ಭೂಲಾಭಾಯಿ ದೇಸಾಯಿ. ಎಷ್ಟೋ ವರ್ಷ ವಕೀಲಿ ಬಿಟ್ಟಿದ್ದ ನೆಹರೂ ಮತ್ತೆ ಕರಿ ಕೋಟು ತೊಟ್ಟು ಬಂದು ಕುಳಿತರು. ಜೀವಾವಧಿ ಗಡೀಪಾರಿನ ಶಿಕ್ಷೆ ಬಿತ್ತು, ಆದರೆ ದೇಶದಲ್ಲಿ ಎದ್ದ ಕೂಗಿಗೆ ಸೇನಾಪತಿ ಆಕಿನ್‌ಲೆಕ್ ಅದನ್ನು ಕೈಬಿಡಬೇಕಾಯಿತು. "ಲಾಲ್ ಕಿಲೇ ಸೇ ಆಯೀ ಆವಾಜ್, ಸಹಗಲ್ ಧಿಲ್ಲೋನ್ ಶಾಹನವಾಜ್" ಎಂಬ ಘೋಷಣೆಯನ್ನು ಮಕ್ಕಳಿಗೆ ಅಲ್ಲೇ ಕಲಿಸಿದೆ. ಸೋಲಾಪುರದವರೆಗೂ ರೈಲಿನಲ್ಲಿ ಅದನ್ನೇ ಕೂಗಿದರು.

1857ರ ದಂಗೆಯ ಸಂಗ್ರಹಾಲಯ ನಮ್ಮ ಮಕ್ಕಳಿಗೆ ಬೇರೆ ಜಿಲ್ಲೆಯವರಿಗಿಂತ ಹತ್ತಿರ. ಅದೇ ವರ್ಷ ಆಯುಧ ಒಪ್ಪಿಸಲು ಒಲ್ಲೆವೆಂದು ಹಲಗಲಿಯ ಬೇಡರು ಎದ್ದರು, ಅವರಲ್ಲಿ ಕೆಲವರನ್ನು ನಮ್ಮ ಮುಧೋಳದಲ್ಲೇ ಗಲ್ಲಿಗೇರಿಸಿದರು. ಅವರ ಮೇಲಿನ ಲಾವಣಿಯನ್ನು ಕೇಳಿ ಬೆಳೆದ ಮಕ್ಕಳು ಇವರು. ದಿಲ್ಲಿಯ ಬಾದಶಹನೂ ಹಲಗಲಿಯ ಬೇಡರೂ ಒಂದೇ ಕಾಲದವರು ಎಂಬುದು ಅವರಿಗೆ ಅಲ್ಲಿ ನಿಂತಾಗ ಹೊಳೆಯಿತು. ಶಾಲೆಯ ಗೋಡೆಯ ಮೇಲೆ ಇಸವಿಗಳ ಪಟ್ಟಿ ಬರೆಸಿದರೂ ಅದು ಆಗಿರಲಿಲ್ಲ.

ಅರಮನೆ ಕೊನೆಗೆ ಏಕೆ ಎಂದರೆ, ದಂಗೆ ಅಡಗಿದ ಮೇಲೆ ಬ್ರಿಟಿಷರು ಕೋಟೆಯೊಳಗಿನ ಬಹುಪಾಲು ಕಟ್ಟಡಗಳನ್ನೂ ತೋಟಗಳನ್ನೂ ಅಳಿಸಿ ತಮ್ಮ ಸೈನಿಕರಿಗಾಗಿ ಈ ಬ್ಯಾರಕ್‌ಗಳನ್ನು ಎಬ್ಬಿಸಿದರು. ಮೊದಲು ಅಮೃತಶಿಲೆ ನೋಡಿದ ಮಗು, ಅರಮನೆ ಇಷ್ಟೇ ಎಂದುಕೊಳ್ಳುತ್ತದೆ. ಬ್ಯಾರಕ್ ನೋಡಿದ ಮಗು, "ಇಲ್ಲಿ ಮೊದಲು ಏನಿತ್ತು?" ಎಂದು ಕೇಳುತ್ತದೆ. ಆಮೇಲೆ ದಿವಾನ್-ಇ-ಖಾಸಿಗೆ ಕರೆದೊಯ್ದು, ಬಾದಶಹ ಬಹಾದೂರ್ ಶಾ ಜಫರನ ವಿಚಾರಣೆ 1858ರಲ್ಲಿ ನಡೆದದ್ದು ಅವನದೇ ಈ ದರ್ಬಾರಿನಲ್ಲಿ ಎಂದರೆ ಸಾಕು. ನನ್ನ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಬ್ಯಾರಕ್‌ನ ಗೋಡೆಯನ್ನೂ ಅಳೆಸಿದ್ದೇನೆ. ಕಿಟಕಿಯ ಬಳಿ ಮೊಳ ಹಾಕಿದಾಗ ಒಂದೂವರೆಗೆ ಕಡಿಮೆ ಇರಲಿಲ್ಲ. ಜಗುಲಿಯ ಉದ್ದವನ್ನು ಹೆಜ್ಜೆಯಲ್ಲಿ ಎಣಿಸಿ, ಎಷ್ಟು ಮಂಚ ಹಿಡಿದೀತೆಂದು ಲೆಕ್ಕ ಹಾಕಿಸಿದೆವು. ಗಣಿತದ ಮೇಡಂ ಅದರಿಂದ ಎರಡು ಪಿರಿಯಡ್ ಪಾಠ ಹುಟ್ಟಿಸಿಕೊಂಡರು. ಇನ್ನೊಂದು ಪ್ರಯೋಗ ತೀನ್ ಮೂರ್ತಿಯದು. ಕೋಟೆಯೊಳಗಿನ ಯಾದ್-ಎ-ಜಲಿಯಾನ್ ಸಂಗ್ರಹಾಲಯದಲ್ಲಿ ಜಲಿಯನ್‌ವಾಲಾ ಬಾಗ್ ಜೊತೆಗೆ ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಕತೆಯೂ ಇದೆ. ಅದಕ್ಕೆ ಹಿಂದಿನ ದಿನವೇ ತೀನ್ ಮೂರ್ತಿ ಚೌಕಕ್ಕೆ ಹೋಗಿ, ಅಲ್ಲಿನ ಮೂರು ಸೈನಿಕ ಪ್ರತಿಮೆಗಳಲ್ಲಿ ಒಂದು ಮೈಸೂರು ಲಾನ್ಸರ್, ಅಂದರೆ ಮೈಸೂರಿನ ಕುದುರೆ ಸವಾರನದು, ಎಂದು ತೋರಿಸಿದೆ. 1918ರ ಸೆಪ್ಟೆಂಬರಿನಲ್ಲಿ, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಹಿಡಿದ ಕುದುರೆ ಪಡೆಯಲ್ಲಿ ಮೈಸೂರಿನವರಿದ್ದರು ಎಂಬುದು ತಿಳಿದ ಮೇಲೆ ಮಕ್ಕಳು ಆ ಕೋಣೆಯಲ್ಲಿ ನಿಂತ ರೀತಿಯೇ ಬೇರೆಯಾಯಿತು.

ಇನ್ನು ದುಡ್ಡು. ಪ್ರವಾಸ ಕಂಪನಿಯೊಂದು ತಲೆಗೆ ಹನ್ನೊಂದು ಸಾವಿರದ ಮೇಲೆ ಕೇಳಿತ್ತು. ನಾವು ನಾಲ್ಕು ಸಾವಿರದ ಆಸುಪಾಸಿನಲ್ಲಿ ಮುಗಿಸಿದೆವು. ಸೋಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಗ್ರಾಮೀಣ ಸರ್ಕಾರಿ ಶಾಲೆಗೆ ರೈಲ್ವೆಯ ರಿಯಾಯಿತಿ ಇದೆ, ಕಾಗದಪತ್ರವನ್ನು ಎರಡು ತಿಂಗಳು ಮೊದಲೇ ಹಿಡಿದು ಓಡಾಡಬೇಕು. ಹದಿನೈದು ವರ್ಷದೊಳಗಿನವರಿಗೆ ಕೋಟೆಯ ಪ್ರವೇಶ ಉಚಿತ, ವಯಸ್ಸಿನ ದಾಖಲೆ ಕೈಯಲ್ಲಿರಲಿ. ದಿಲ್ಲಿಯಲ್ಲಿ ಬಸ್ ಬಾಡಿಗೆ ದಿನಕ್ಕೆ ಎಂಟೊಂಬತ್ತು ಸಾವಿರ ಎಂದರು. ಲಾಲ್ ಕಿಲಾ ಮೆಟ್ರೋ ನಿಲ್ದಾಣ ಕೋಟೆಯ ಹತ್ತಿರವೇ ಇರುವುದರಿಂದ ಆ ಹಣವನ್ನು ಪೂರ್ತಿ ಉಳಿಸಿದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮನೆಮನೆಯಿಂದ ಬಂದವು. ಸ್ವೆಟರುಗಳನ್ನು ಮುಂಡಗೋಡಿನ ಟಿಬೆಟನ್ನರ ಹತ್ತಿರ ಒಟ್ಟಾಗಿ ಕೊಂಡೆವು, ಒಂದಕ್ಕೆ ಇನ್ನೂರೈವತ್ತು ಬಿದ್ದಿರಬೇಕು.

ಛತ್ತಾ ಚೌಕವನ್ನು ದಾಟಿಸುವುದೇ ದೊಡ್ಡ ಕಷ್ಟ. ಮಕ್ಕಳ ಕೈಖರ್ಚಿನ ಹಣವನ್ನು ಮೇಡಂ ಬಳಿ ಕೂಡಿಹಾಕಿ, ಹೊರಬರುವಾಗ ಹಿಂದಿರುಗಿಸುತ್ತೇವೆ. ಅಂಗಡಿಯವರು ಎಷ್ಟು ಕೂಗಿದರೂ ಖಾಲಿ ಜೇಬಿನ ಮಗು ನಿಲ್ಲುವುದಿಲ್ಲ.

ಯಾವ ತಂಡಕ್ಕೆ ಯಾವ ಮಕ್ಕಳನ್ನು ಹಾಕುತ್ತೇನೆ, ಕುರ್ಚಿಯ ಚೀಟಿಯ ಹಿಂಬದಿಯಲ್ಲಿ ಏನು ಬರೆದಿರುತ್ತೇನೆ ಎಂಬ ಎರಡು ಸಂಗತಿಗಳನ್ನು ಇಲ್ಲಿ ಹೇಳುವುದಿಲ್ಲ. ಅವು ನನ್ನವು. ಉಳಿದದ್ದನ್ನೆಲ್ಲ ಯಾರು ಬೇಕಾದರೂ ಮಾಡಬಹುದು. ದಿನಾಂಕ ಮಾತ್ರ ನೋಡಿ ಇಡಿ: ಸೋಮವಾರ ಕೋಟೆ ತೆರೆಯುವುದಿಲ್ಲ, ಸ್ವಾತಂತ್ರ್ಯೋತ್ಸವದ ಮುಂಚಿನ ವಾರಗಳಲ್ಲಿಯೂ ಭದ್ರತೆಗಾಗಿ ಮುಚ್ಚಿರುತ್ತದೆ. ಡಿಸೆಂಬರಿನ ಮಂಜಿಗೆ ರೈಲು ಏಳೆಂಟು ಗಂಟೆ ತಡವಾಗುವುದುಂಟು. ಆದ್ದರಿಂದ ಕೋಟೆಯನ್ನು ದಿಲ್ಲಿ ತಲುಪಿದ ದಿನಕ್ಕೆ ಹಾಕಿಕೊಳ್ಳದೆ ಮರುದಿನದ ಬೆಳಗಿಗೆ, ಬಾಗಿಲು ತೆರೆಯುವ ಹೊತ್ತಿಗೇ ಇಟ್ಟುಕೊಳ್ಳಿ.