ಡೆವಿಲ್ ಮೇ ಕ್ರೈ: ಒಂದರಿಂದ ಐದರವರೆಗೆ ನಾನು ಆಡಿದ್ದು ಹೀಗೆ

ಕತ್ತಿ, ಬಂದೂಕು ಹಿಡಿದು ರಾಕ್ಷಸರ ಜೊತೆ ಹೊಡೆದಾಡುವ ಡೆವಿಲ್ ಮೇ ಕ್ರೈ ವಿಡಿಯೊ ಗೇಮ್ ಸರಣಿಯನ್ನು ಯಾವ ಕ್ರಮದಲ್ಲಿ ಆಡಬೇಕು ಅಂತ ಕೇಳಿದರೆ ನನ್ನ ಉತ್ತರ ಒಂದೇ. ಬಿಡುಗಡೆಯಾದ ಕ್ರಮದಲ್ಲೇ ಆಡಿ, ಎರಡನೆಯದನ್ನು ಮಾತ್ರ ಬಿಟ್ಟುಬಿಡಿ. ಕಥೆಯ ಲೆಕ್ಕದಲ್ಲಿ ಮೂರನೆಯದು ಎಲ್ಲಕ್ಕಿಂತ ಹಿಂದೆ ನಡೆಯುತ್ತದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡಿ ಅನ್ನುವವರೂ ಇದ್ದಾರೆ. ಆದರೆ ಈ ಆಟಗಳಲ್ಲಿ ಕಥೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಕೈ ಪಳಗದಿದ್ದರೆ ನಡೆಯುವುದಿಲ್ಲ. ಐದನೆಯದಕ್ಕೆ ಬರುವಷ್ಟರಲ್ಲಿ ನಾಯಕ ಡಾಂಟೆಗೆ ನಾಲ್ಕು ಸ್ಟೈಲ್ (ಹೊಡೆದಾಟದ ಬಗೆ), ಒಂದು ರಾಶಿ ಆಯುಧ, ಎಲ್ಲವೂ ಒಂದೊಂದು ಬಟನ್ ದೂರದಲ್ಲಿ. ಅಷ್ಟನ್ನೂ ಒಂದೇ ಸಲ ತಲೆಗೆ ತುಂಬಿಕೊಳ್ಳುವುದು ಕಷ್ಟ.

ನಾನು ಕಾರವಾರದವನು, ಬೈತಖೋಲ ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆಯುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ, ಆಗ ನನಗೂ ಕೆಲಸ ಕಡಿಮೆ. ಹೊರಗೆ ಬಿಡದೆ ಮಳೆ. ಅಕ್ಕನ ಮಗ ಬೇರೆ ಮನೆಯಲ್ಲೇ ಇರುತ್ತಾನೆ. ಹೀಗಾಗಿ ಈ ಸರಣಿ ನನಗೆ ಮಳೆಗಾಲದ ಆಟ. ಮೊದಲ ಮೂರೂ ಸೇರಿರುವ ಎಚ್‌ಡಿ ಕಲೆಕ್ಷನ್ 2018ರಲ್ಲಿ ಪಿಸಿಗೆ ಬಂತು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕೀಬೋರ್ಡಿನಲ್ಲಿ ಆಡಲು ಹೋಗಬೇಡಿ, ಒಂದು ಕಂಟ್ರೋಲರ್ ತೊಗೊಳ್ಳಿ. ಕಡಲತೀರದವರಿಗೆ ಒಂದು ಕಿವಿಮಾತು: ನಮ್ಮ ಉಪ್ಪುಗಾಳಿಗೆ ಕಂಟ್ರೋಲರ್ ಬೇಗ ಕೆಡುತ್ತದೆ. ನಾನು ಆಡಿ ಮುಗಿದ ತಕ್ಷಣ ಒರೆಸಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತೇನೆ.

ಮೊದಲನೆಯದು 2001ರದ್ದು, ನಿರ್ದೇಶಕ ಹಿಡೆಕಿ ಕಾಮಿಯಾ. ಅದು ಶುರುವಾಗಿದ್ದು ರೆಸಿಡೆಂಟ್ ಈವಿಲ್ ಅನ್ನುವ ಭಯದ ಆಟಗಳ ಸರಣಿಯ ನಾಲ್ಕನೆಯದಾಗಿ. ಆಡುವಾಗ ಅದು ಗೊತ್ತಾಗುತ್ತದೆ: ಪಾಳು ಕೋಟೆ, ಬೀಗ ಹಾಕಿದ ಬಾಗಿಲು, ಕೋಣೆಯ ಮೂಲೆಯಲ್ಲಿ ನಿಂತು ನೋಡುವ ಕ್ಯಾಮೆರಾ. ವೈರಿಯನ್ನು ಕತ್ತಿಯಿಂದ ಮೇಲಕ್ಕೆ ಹಾರಿಸಿ ಗುಂಡು ಹೊಡೆಯುತ್ತಾ ಗಾಳಿಯಲ್ಲೇ ಇಡುವ ಆಟ ಇಲ್ಲಿಂದಲೇ ಬಂದದ್ದು, ಅದರ ಹೊಳಹು ಸಿಕ್ಕಿದ್ದು ಓನಿಮುಶಾ ಆಟದ ಒಂದು ಬಗ್‌ನಿಂದ (ಪ್ರೋಗ್ರಾಂ ದೋಷದಿಂದ). ನಮ್ಮ ಬೀಚಿನಲ್ಲಿ ಸಂಜೆ ಆಡುವ ವಾಲಿಬಾಲ್ ನೆನಪಿಸಿಕೊಳ್ಳಿ, ಚೆಂಡು ನೆಲ ಮುಟ್ಟಬಾರದು ಅಷ್ಟೇ. ಇಲ್ಲಿ ನಾನು ಮಾಡಿದ್ದು ಒಂದೇ ಅಭ್ಯಾಸ: ಒಬ್ಬ ವೈರಿಯ ಮೇಲೆ ಗುರಿ ನಿಲ್ಲಿಸುವ ಲಾಕ್ ಬಟನ್ ಹಿಡಿದೇ ಓಡಾಡುವುದು. ಲಾಕ್ ಹಿಡಿದು ಮುಂದಕ್ಕೆ ಒತ್ತಿ ಹೊಡೆದರೆ ನುಗ್ಗಿ ಚುಚ್ಚುವ ಸ್ಟಿಂಗರ್, ಹಿಂದಕ್ಕೆ ಒತ್ತಿ ಹೊಡೆದರೆ ವೈರಿ ಮೇಲೆ, ಪಕ್ಕಕ್ಕೆ ಒತ್ತಿ ಜಿಗಿದರೆ ಉರುಳಿ ತಪ್ಪಿಸಿಕೊಳ್ಳುವುದು. ಇಷ್ಟು ಬೆರಳಿಗೆ ಬಂದರೆ ಮುಂದಿನ ಆಟಗಳಲ್ಲೂ ಬುಡ ಅದೇ. ಫ್ಯಾಂಟಮ್ ಅನ್ನುವ ಬೆಂಕಿ ಜೇಡ ಮೊದಲ ದೊಡ್ಡ ಪರೀಕ್ಷೆ. ಸೋಲುತ್ತಾ ಹೋದರೆ ಆಟವೇ ಬಂದು ಈಜಿ ಮೋಡ್ ಬೇಕಾ ಅಂತ ಕೇಳುತ್ತದೆ. ಬೇಡ ಅನ್ನಿ. ಅದು ತಾನೇ ಕಾಂಬೋ (ಸಾಲು ಹೊಡೆತ) ಹೊಡೆದುಕೊಡುತ್ತದೆ, ನೀವು ಏನೂ ಕಲಿಯುವುದಿಲ್ಲ.

ಎರಡನೆಯದು, 2003. ದೂರ ನಿಂತು ಪಿಸ್ತೂಲಿನ ಬಟನ್ ಒತ್ತುತ್ತಾ ಇದ್ದರೆ ಬಾಸ್‌ಗಳೂ, ಅಂದರೆ ದೊಡ್ಡ ವೈರಿಗಳೂ ಸಾಯುತ್ತವೆ. ಒಂದು ಕೈಯಲ್ಲಿ ಚಹಾ ಹಿಡಿದು ಆಡಬಹುದು. ಮುಂದೆ.

ಮೂರನೆಯದು 2005ರದ್ದು. ನನ್ನ ಪ್ರಕಾರ ಸರಣಿಯ ಪಾಠಶಾಲೆ ಇದೇ, ಹಾಗಾಗಿ ಇದರ ಮೇಲೆ ಜಾಸ್ತಿ ಹೊತ್ತು ಕಳೆಯಿರಿ. ಸ್ಪೆಷಲ್ ಎಡಿಷನ್ ಸಿಕ್ಕರೆ ಅದನ್ನೇ ಆಡಿ, ಯಾಕೆಂದರೆ ಅಮೆರಿಕದಲ್ಲಿ ಮೊದಲು ಬಂದ ಆವೃತ್ತಿಯಲ್ಲಿ ಜಪಾನಿನ ಹಾರ್ಡ್ ಮೋಡನ್ನೇ ನಾರ್ಮಲ್ ಅಂತ ಕೊಟ್ಟಿದ್ದರು. ಆಟದ ಶುರುವಿನಲ್ಲಿ ನಾಲ್ಕು ಸ್ಟೈಲ್ ಇರುತ್ತವೆ. ಟ್ರಿಕ್‌ಸ್ಟರ್ ತಪ್ಪಿಸಿಕೊಳ್ಳಲು, ಸ್ವೋರ್ಡ್‌ಮಾಸ್ಟರ್ ಕತ್ತಿಗೆ, ಗನ್‌ಸ್ಲಿಂಗರ್ ಬಂದೂಕಿಗೆ, ರಾಯಲ್‌ಗಾರ್ಡ್ ತಡೆಯಲು. ಒಂದು ಸಲಕ್ಕೆ ಒಂದೇ. ಬಳಸಿದಷ್ಟೂ ಆ ಸ್ಟೈಲ್ ಮೂರನೇ ಹಂತದವರೆಗೆ ಬೆಳೆಯುತ್ತದೆ, ಆದ್ದರಿಂದ ಮಿಷನ್‌ಗೊಂದು ಬದಲಿಸಿದರೆ ಯಾವುದೂ ಬೆಳೆಯುವುದಿಲ್ಲ. ನಾನು ಮೊದಲ ಸಲ ಪೂರ್ತಿ ಟ್ರಿಕ್‌ಸ್ಟರ್ ಹಿಡಿದೆ. ಎರಡನೇ ಸಲ ಸ್ವೋರ್ಡ್‌ಮಾಸ್ಟರ್.

ಇಲ್ಲಿ ಕಲಿಯಲೇಬೇಕಾದ ಇನ್ನೊಂದು ವಿಷಯ ಜಿಗಿತ. ಹೊಸಬರು ಇದನ್ನು ಸುಮ್ನೆ ಎತ್ತರಕ್ಕೆ ಹೋಗುವ ಬಟನ್ ಅಂದುಕೊಳ್ಳುತ್ತಾರೆ. ಅಲ್ಲ. ಜಿಗಿದ ಕ್ಷಣದಲ್ಲಿ ಏಟು ತಾಗುವುದಿಲ್ಲ, ಅಂದರೆ ಅದೂ ಒಂದು ರಕ್ಷಣೆ. ವೈರಿಯ ತಲೆಯ ಮೇಲೆ ಕಾಲಿಟ್ಟು ಮತ್ತೆ ಜಿಗಿಯಬಹುದು, ಹಾಗೆ ಜಿಗಿದಾಗ ನಡೆಯುತ್ತಿದ್ದ ಹೊಡೆತ ಅಲ್ಲಿಗೇ ತುಂಡಾಗಿ, ಗಾಳಿಯಲ್ಲಿ ಅದೇ ಹೊಡೆತವನ್ನು ಮತ್ತೆ ಮೊದಲಿಂದ ಹೊಡೆಯಲು ಬರುತ್ತದೆ. ವಿಡಿಯೊಗಳಲ್ಲಿ ಕೆಳಗೇ ಇಳಿಯದೆ ಹೊಡೆಯುತ್ತಾ ಇರುವವರ ಗುಟ್ಟು ಇದೇ. ಅಭ್ಯಾಸಕ್ಕೆ ದೊಡ್ಡ ಬಾಸ್ ಬೇಡ, ಸುಲಭದ ಮಿಷನ್ ಒಂದಕ್ಕೆ ವಾಪಸ್ ಹೋಗಿ ಒಬ್ಬನೇ ವೈರಿಯನ್ನು ಉಳಿಸಿಕೊಂಡು ಮಾಡಿ.

ಬಾಸ್‌ಗಳು ಒಬ್ಬರಿಗಿಂತ ಒಬ್ಬರು ಜೋರು. ಮೂರನೇ ಮಿಷನ್ನಿನಲ್ಲೇ ಹಿಮ ಹೊದ್ದ ಮೂರು ತಲೆಯ ನಾಯಿ ಸೆರ್ಬೆರಸ್, ಎಷ್ಟೋ ಜನ ಇಲ್ಲೇ ಆಟ ಬಿಡುತ್ತಾರೆ. ಆಮೇಲೆ ಬೆಂಕಿಯ ಅಗ್ನಿ, ಗಾಳಿಯ ರುದ್ರ ಎಂಬ ತಲೆಯಿಲ್ಲದ ಅಣ್ಣತಮ್ಮ, ಹೊಡೆದಾಟಕ್ಕಿಂತ ಇವರ ಹರಟೆಯೇ ಜಾಸ್ತಿ. ಮಾತಾಡಬಾರದು ಅನ್ನುವ ಷರತ್ತಿನ ಮೇಲೆ ಡಾಂಟೆ ಇಬ್ಬರನ್ನೂ ಕತ್ತಿಯಾಗಿ ಜೊತೆಗೆ ಒಯ್ಯುತ್ತಾನೆ. ಏಳನೇ ಮಿಷನ್ನಿನಲ್ಲಿ ಗೋಪುರದ ತುದಿಯಲ್ಲಿ ಮಳೆಯ ನಡುವೆ ಅಣ್ಣ ವರ್ಜಿಲ್. ನಮ್ಮಲ್ಲೂ ಹೊರಗೆ ಅದೇ ಮಳೆ, ಕರೆಂಟ್ ಯಾವಾಗ ಹೋಗುತ್ತದೋ ಅನ್ನುವ ಭಯ ಬೇರೆ, ಯಾಕೆಂದರೆ ಮಿಷನ್ ನಡುವೆ ಹೋದರೆ ಮತ್ತೆ ಮೊದಲಿಂದ. ವರ್ಜಿಲ್ ಮೇಲೆ ನುಗ್ಗಿ ಹೊಡೆಯಲು ಹೋದರೆ ತಡೆದು ತಿರುಗಿ ಹೊಡೆಯುತ್ತಾನೆ. ಅವನು ಒಂದು ಹೊಡೆತ ಮುಗಿಸುವವರೆಗೆ ಕಾಯಬೇಕು, ಎರಡೋ ಮೂರೋ ಏಟು ಕೊಡಬೇಕು, ಹಿಂದೆ ಸರಿಯಬೇಕು.

ನಾಲ್ಕನೆಯದು (2008) ಅರ್ಧ ಆಟ. ಬೈಗುಳ ಅಂದುಕೊಳ್ಳಬೇಡಿ, ನಿಜವಾಗಿಯೂ ಇದರ ಇನ್ನೊಬ್ಬ ನಾಯಕ ನೀರೋ ದಾಟಿ ಬಂದ ಜಾಗಗಳನ್ನೇ ಡಾಂಟೆ ವಾಪಸ್ ನಡೆಯುತ್ತಾನೆ, ಅವೇ ಬಾಸ್‌ಗಳು ಮತ್ತೆ ಸಿಗುತ್ತಾರೆ. ಆದರೂ ಬಿಡಬೇಡಿ, ಕಾರಣ ನೀರೋನ ಕತ್ತಿ. ಅದಕ್ಕೆ ಬೈಕಿನ ಹಾಗೆ ಆಕ್ಸಿಲರೇಟರ್ ಇದೆ. ಹೊಡೆತ ಬೀಸಿದ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಮುಂದಿನ ಏಟಿಗೆ ಬೆಂಕಿ ಹತ್ತುತ್ತದೆ. ನಾನು ಕಣ್ಣಿಂದ ನೋಡಿ ಒತ್ತುವುದನ್ನು ಬಿಟ್ಟು ಕತ್ತಿಯ ಸದ್ದು ಕೇಳಿ ಒತ್ತಲು ಶುರು ಮಾಡಿದ ಮೇಲೆ ಸರಿಹೋಯಿತು. ಡಾಂಟೆಯ ನಾಲ್ಕೂ ಸ್ಟೈಲ್‌ಗಳನ್ನು ಹೊಡೆದಾಟದ ಮಧ್ಯೆಯೇ ಬದಲಿಸುವುದು ಶುರುವಾಗಿದ್ದೂ ಇಲ್ಲಿಂದಲೇ.

2013ರಲ್ಲಿ ಬೇರೆ ತಂಡ ಮಾಡಿದ ಡಿಎಂಸಿ ಅನ್ನುವ ಆಟ ಬೇರೆಯೇ ದಾರಿ. ಜನ ಬೈದಷ್ಟು ಕೆಟ್ಟದ್ದಲ್ಲ, ಊರೇ ತಿರುಚಿಕೊಂಡು ಮೈಮೇಲೆ ಬೀಳುವ ದೃಶ್ಯಗಳು ಚೆನ್ನಾಗಿವೆ. ಮಧ್ಯೆ ಒಂದು ವಾರಾಂತ್ಯಕ್ಕೆ ಸಾಕು.

ಐದನೆಯದು 2019ರ ಮಾರ್ಚ್ 8ರಂದು ಬಂತು. ಇಲ್ಲಿ ಹೊಡೆದಾಟದ ಸೊಗಸಿಗೆ ಸಿಗುವ ನಿಮ್ಮ ರ್‍ಯಾಂಕ್ ಡಿಯಿಂದ ಮೇಲೇರಿ ಎಸ್ ಮುಟ್ಟಿದಾಗಲೇ ಹಾಡಿನ ಪಲ್ಲವಿ ಬರುತ್ತದೆ. ಒಂದೇ ಹೊಡೆತ ಮತ್ತೆ ಮತ್ತೆ ಹೊಡೆದರೆ ರ್‍ಯಾಂಕ್ ಏರುವುದಿಲ್ಲ, ಏಟು ತಿಂದರೆ ಇಳಿಯುತ್ತದೆ. ಅಳಿಯ ಎಲ್ಲ ಬಟನ್ ಒಟ್ಟಿಗೆ ಕುಟ್ಟುವವನು. “ಮಾಮಾ, ನೀನು ಆಡುವಾಗ ಹಾಡು ಪೂರ್ತಿ ಬರ್ತದೆ, ನಂದು ಯಾಕೆ ಅಲ್ಲೇ ಸುತ್ತುತ್ತದೆ?” ಅಂದ. ನಾಲ್ಕೇ ಹೊಡೆತ ಕಲಿ, ಆದರೆ ನಾಲ್ಕನ್ನೂ ಸರದಿಯಲ್ಲಿ ಹೊಡೆ ಅಂದೆ. ಸ್ವಲ್ಪ ದಿನಕ್ಕೆ ಅವನ ಕೈಗೂ ಪಲ್ಲವಿ ಬಂತು. ಡಾಂಟೆಗೂ ಅದೇ ಉಪಾಯ: ಎಲ್ಲ ಆಯುಧ ಹೊತ್ತು ಹೋಗುವ ಬದಲು ಮೆನುವಿನಲ್ಲಿ ಎರಡನ್ನೇ ಇಟ್ಟುಕೊಂಡು ಹೋಗಿ, ಅದು ಕೂತ ಮೇಲೆ ಮೂರನೆಯದು. ಇಲ್ಲಿ ಆಡಲು ಸಿಗುವ ಇನ್ನೊಬ್ಬ, ವಿ ಅನ್ನುವವನು, ತಾನು ಹೊಡೆಯುವುದಿಲ್ಲ. ಅವನ ಮೂರು ಪ್ರಾಣಿಗಳು ಹೊಡೆದು ಸುಸ್ತು ಮಾಡುತ್ತವೆ, ಇವನು ಊರುಗೋಲಿನಿಂದ ಕೊನೆಯ ಏಟು ಹಾಕಬೇಕು. ಆ ಗ್ರಿಫನ್, ಶ್ಯಾಡೋ, ನೈಟ್‌ಮೇರ್ ಮೂರೂ ಮೊದಲ ಆಟದಲ್ಲಿ ವೈರಿಗಳಾಗಿದ್ದವು. ಒಂದರಿಂದ ಆಡಿ ಬಂದವರಿಗೆ ಮಾತ್ರ ಅದರ ಮಜಾ.

2020ರ ಕೊನೆಗೆ ವರ್ಜಿಲ್ ಕೂಡ ಆಡಲು ಸಿಕ್ಕಿದ. ಪಿಸಿಯಲ್ಲಿ ಅವನನ್ನು ಬೇರೆ ಕೊಳ್ಳಬೇಕು. ಅವನಿಗೊಂದು ಏಕಾಗ್ರತೆಯ ಗೇಜ್ ಇದೆ: ಓಡಿದರೆ, ಹೊಡೆತ ಹುಸಿಯಾದರೆ, ಏಟು ತಿಂದರೆ ಇಳಿಯುತ್ತದೆ. ನಿಧಾನಕ್ಕೆ ನಡೆದು, ಗುರಿ ನೋಡಿ ಹೊಡೆದರೆ ತುಂಬುತ್ತದೆ. ಈಗ ಮಹಡಿಗೊಂದು ಹೊಡೆದಾಟ ಇರುವ ಬ್ಲಡಿ ಪ್ಯಾಲೇಸ್ ಮೋಡ್‌ನ 101 ಮಹಡಿ ಅವನಲ್ಲೇ ಹತ್ತುತ್ತಿದ್ದೇನೆ, ಇನ್ನೂ ತುದಿ ಮುಟ್ಟಿಲ್ಲ. ಅಳಿಯನಿಗೆ ಮಾತ್ರ ವರ್ಜಿಲ್ ಕಂಡರೆ ಆಗುವುದಿಲ್ಲ. “ಓಡಲಿಕ್ಕೂ ಬಿಡೋದಿಲ್ಲ ಅಂದ್ರೆ ಇವ ಎಂಥ ಹೀರೋ ಮಾಮಾ” ಅನ್ನುತ್ತಾನೆ.